ಜನರಿಲ್ಲದ ಸರೋವರಕ್ಕೆ ಅಕ್ಕ-ತಮ್ಮ ಇಬ್ಬರೇ: ಬೌಂಡರಿ ವಾಟರ್ಸ್ ಕ್ಯಾನೂ ಪಯಣದ ತಯಾರಿ

ಪ್ರಶ್ನೆ: ಕೆಲಸದ ನಿಮಿತ್ತ ಮಿನ್ನಿಯಾಪೊಲಿಸ್‌ನಲ್ಲಿ ನೆಲೆಸಿದ್ದೇನೆ. ತೀರ್ಥಹಳ್ಳಿಯಲ್ಲಿರುವ ನನ್ನ ತಮ್ಮ ಆಗಸ್ಟ್ ಕೊನೆಯಲ್ಲಿ ಬಂದು ಮೂರು ವಾರ ನನ್ನ ಜೊತೆ ಇರುತ್ತಾನೆ. ನಾವಿಬ್ಬರೇ ಉತ್ತರ ಮಿನ್ನೆಸೋಟದ ಸರೋವರಗಳ ಕಾಡಾದ ಬೌಂಡರಿ ವಾಟರ್ಸ್‌ಗೆ ಹೋಗಿ, ನಾಲ್ಕೈದು ದಿನ ಕ್ಯಾನೂದಲ್ಲಿ, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಹಗುರ ದೋಣಿಯಲ್ಲಿ, ಸುತ್ತುತ್ತ, ಬೇರೆ ಜನರ ಸುಳಿವಿಲ್ಲದ ಕಡೆ ಟೆಂಟ್ ಹಾಕಿಕೊಂಡು ಇರಬೇಕೆಂಬ ಆಸೆ. ನಾನು ನಗರದ ಕೆರೆಗಳಲ್ಲಿ ಕ್ಯಾನೂ ನಡೆಸಿದ್ದೇನೆ. ತಮ್ಮ ತುಂಗೆಯಲ್ಲಿ ಈಜಿ ಬೆಳೆದವನು, ಆದರೆ ಕ್ಯಾನೂ ಹತ್ತಿದವನಲ್ಲ. ಇಬ್ಬರೂ ಸಸ್ಯಾಹಾರಿಗಳು. ಮೂಸ್ ಲೇಕ್‌ನಿಂದ ಹೊರಟು, ಕೆನಡಾ ಗಡಿಯ ಬಾಸ್‌ವುಡ್ ಸರೋವರ ಮುಟ್ಟಿ, ದಿನಕ್ಕೆ ಇಪ್ಪತ್ತು ಕಿಲೋಮೀಟರ್‌ನಂತೆ ಸಾಗುವ ಒಂದು ಸುತ್ತನ್ನು ನಕ್ಷೆಯಲ್ಲಿ ಗುರುತು ಮಾಡಿದ್ದೇನೆ. ಇದು ಸರಿಯೇ? ಊರಿನಲ್ಲಿರುವ ಅಮ್ಮನಿಗೆ ಕರಡಿಯದೇ ಭಯ.

ಉತ್ತರ: ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ; ಗುರುತು ಮಾಡಿಕೊಂಡಿರುವ ಸುತ್ತನ್ನು ಮಾತ್ರ ಕೈಬಿಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಕ್ಯಾನೂ ಪಯಣಕ್ಕೆ ಹೊಸದಾಗಿ ಹೊರಡುವವರು ಸಾಮಾನ್ಯವಾಗಿ, ಹೆಚ್ಚು ದೂರ ಸಾಗಿದಷ್ಟೂ ಜನ ಕಡಿಮೆಯಾಗುತ್ತಾರೆ ಎಂಬ ಲೆಕ್ಕದಲ್ಲಿ ದಾರಿ ಹಾಕಿಕೊಳ್ಳುತ್ತಾರೆ. ಬೌಂಡರಿ ವಾಟರ್ಸ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಏಕಾಂತ ಸಿಗುವುದೂ ಬಿಡುವುದೂ ನೀವು ಯಾವ ಕಡೆಯಿಂದ ಒಳಗೆ ಹೋಗುತ್ತೀರಿ, ವಾರದ ಯಾವ ದಿನ ಹೋಗುತ್ತೀರಿ, ಹೋದ ಮೇಲೆ ಎಷ್ಟು ಹೊತ್ತು ಒಂದೇ ಕಡೆ ನಿಲ್ಲುತ್ತೀರಿ ಎಂಬುದರ ಮೇಲೆ ನಿಂತಿದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನೀವಿರುವುದು ಇಬ್ಬರೇ, ಇರುವುದು ಒಂದೇ ಕ್ಯಾನೂ. ಒಬ್ಬರ ಕಾಲು ಉಳುಕಿದರೂ ಸಾಮಾನು ಹೊರುವುದು, ಅಡುಗೆ ಮಾಡುವುದು, ಹುಟ್ಟು ಹಾಕುವುದು, ಸಹಾಯಕ್ಕೆ ಸಂದೇಶ ಕಳಿಸುವುದು ಎಲ್ಲವೂ ಇನ್ನೊಬ್ಬರ ಪಾಲಿಗೆ ಬರುತ್ತದೆ. ಆದ್ದರಿಂದ ದಾರಿಯನ್ನು ಚಿಕ್ಕದು ಮಾಡಿ, ಜಾಗವನ್ನು ವಿಚಾರ ಮಾಡಿ ಆರಿಸಿ, ಉಳಿದ ಸಮಯವನ್ನೆಲ್ಲ ಒಂದೇ ಸರೋವರಕ್ಕೆ ಕೊಡಿ ಎಂಬುದು ನನ್ನ ಸಲಹೆ.

ಈ ಪ್ರದೇಶದ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಂಡರೆ ಈ ಸಲಹೆಯ ಹಿಂದಿನ ಕಾರಣ ಸ್ಪಷ್ಟವಾಗುತ್ತದೆ. ಮಿನ್ನೆಸೋಟದ ಉತ್ತರದ ಅಂಚಿನಲ್ಲಿ, ಸುಪೀರಿಯರ್ ರಾಷ್ಟ್ರೀಯ ಅರಣ್ಯದೊಳಗೆ, ಕೆನಡಾ ಗಡಿಯುದ್ದಕ್ಕೂ ಹಬ್ಬಿರುವ ಬೌಂಡರಿ ವಾಟರ್ಸ್‌ನ ವಿಸ್ತಾರ ಸುಮಾರು 4,400 ಚದರ ಕಿಲೋಮೀಟರ್. ಅದರೊಳಗೆ 1,100ಕ್ಕೂ ಹೆಚ್ಚು ಸರೋವರಗಳು, ಅವನ್ನು ಬೆಸೆಯುವ ಸುಮಾರು 1,900 ಕಿಲೋಮೀಟರ್ ಕ್ಯಾನೂ ದಾರಿ, ಟೆಂಟ್ ಹಾಕಲು ಗುರುತಿಸಿಟ್ಟ ಸುಮಾರು 2,000 ತಾಣಗಳಿವೆ. 1964ರ ವನ್ಯಪ್ರದೇಶ ಕಾಯ್ದೆಯಡಿ ರಕ್ಷಣೆ ಪಡೆದ ಈ ಪ್ರದೇಶಕ್ಕೆ 1978ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ, ಪ್ರತಿಯೊಂದು ಪ್ರವೇಶ ಸ್ಥಳದಿಂದ ದಿನಕ್ಕೆ ಇಷ್ಟೇ ತಂಡಗಳು ರಾತ್ರಿ ತಂಗಲು ಒಳಗೆ ಹೋಗಬಹುದು ಎಂಬ ಮಿತಿ ಇದೆ. ನಿಮ್ಮ ಪರ್ಮಿಟ್ ಒಂದು ನಿರ್ದಿಷ್ಟ ಪ್ರವೇಶ ಸ್ಥಳಕ್ಕೂ ಒಂದು ನಿರ್ದಿಷ್ಟ ದಿನಾಂಕಕ್ಕೂ ಕಟ್ಟುಬಿದ್ದಿರುತ್ತದೆ. ಒಳಗೆ ಹೋದ ಮೇಲೆ ಯಾವ ತಾಣದಲ್ಲಿ ತಂಗುತ್ತೀರಿ ಎಂಬುದಕ್ಕೆ ಕಾದಿರಿಸುವ ಪದ್ಧತಿಯಿಲ್ಲ; ಖಾಲಿ ಇದ್ದ ತಾಣ ಮೊದಲು ಬಂದವರದು. ಹೀಗಾಗಿ, ದಿನಕ್ಕೆ ಹೆಚ್ಚು ತಂಡಗಳನ್ನು ಬಿಡುವ ಸ್ಥಳದಿಂದ ಹೊರಟವರು ಅದೇ ದಾರಿಯಲ್ಲಿ, ಅದೇ ತಾಣಗಳಿಗಾಗಿ, ಒಬ್ಬರ ಹಿಂದೆ ಒಬ್ಬರು ಸಾಗುತ್ತಾರೆ. ಎರಡು ದಿನ ಹುಟ್ಟು ಹಾಕಿದರೂ ಆ ಮೆರವಣಿಗೆಯಿಂದ ಹೊರಬರಲು ಆಗದಿರಬಹುದು.

ನೀವು ಆರಿಸಿರುವ ಮೂಸ್ ಲೇಕ್ ಇಡೀ ಪ್ರದೇಶದ ಅತ್ಯಂತ ಜನನಿಬಿಡ ಪ್ರವೇಶ ಸ್ಥಳಗಳಲ್ಲಿ ಒಂದು. ಅಲ್ಲಿಂದ ಮುಂದಿನ ಕೆಲವು ಸರೋವರಗಳಲ್ಲಿ ಸಣ್ಣ ಮೋಟಾರು ದೋಣಿಗಳಿಗೂ ಅವಕಾಶವಿದೆ. ಬಾಸ್‌ವುಡ್‌ನ ಕೆಲವು ಭಾಗಗಳಲ್ಲಿಯೂ ಇದೆ. ಬಾಸ್‌ವುಡ್ ಬಹಳ ದೊಡ್ಡ ಸರೋವರ, ಗಾಳಿ ಎದ್ದರೆ ಅಲ್ಲಿ ಏಳುವ ಅಲೆಗಳು ಹೊಸಬರ ಕೈಗೆ ನಿಲುಕುವಂಥವಲ್ಲ. ಅದರ ನಡುವೆ ಹಾಯುವುದು ಅಂತರರಾಷ್ಟ್ರೀಯ ಗಡಿ. ಭಾರತದ ಪಾಸ್‌ಪೋರ್ಟ್‌ನಲ್ಲಿ ಅಮೆರಿಕದ ಪ್ರವಾಸಿ ವೀಸಾ ಪಡೆದು ಬಂದಿರುವ ನಿಮ್ಮ ತಮ್ಮ ಕೆನಡಾದ ದಡದಲ್ಲಿ ಇಳಿದು ಟೆಂಟ್ ಹಾಕುವಂತಿಲ್ಲ. ಅದಕ್ಕೆ ಕೆನಡಾದ ವೀಸಾ ಬೇಕು, ಗಡಿ ದಾಟುವ ವಿಧಿಗಳನ್ನೂ ಪೂರೈಸಬೇಕು. ಏಕಾಂತಕ್ಕಾಗಿ ಹೊರಟವರು ಮೋಟಾರಿನ ಸದ್ದನ್ನೂ ಗಡಿಯ ಚಿಂತೆಯನ್ನೂ ಜೊತೆಗೆ ಕಟ್ಟಿಕೊಂಡು ಹೋಗುವ ಅಗತ್ಯವಿಲ್ಲ.

ಮೂಸ್ ಲೇಕ್ ಇರುವ ಈಲಿ ಪಟ್ಟಣದ ಕಡೆಯನ್ನು ಬಿಟ್ಟು ಪೂರ್ವದ ಟಾಫ್ಟಿ ಎಂಬ ಊರಿನ ಕಡೆಯಿಂದ ಹೋಗಿ ಎಂದು ನಾನು ಹೇಳುತ್ತೇನೆ. ಪ್ರವೇಶ ಸ್ಥಳ ಹಾಗ್ ಕ್ರೀಕ್, ತಲುಪಬೇಕಾದ ಸರೋವರ ಪೆರೆಂಟ್ ಲೇಕ್. ವಾಹನ ನಿಲ್ಲಿಸಿದ ಜಾಗದ ಹತ್ತಿರವೇ ಒಂದು ಚಿಕ್ಕ ಪೋರ್ಟೇಜ್ ಇದೆ, ಅಂದರೆ ಕ್ಯಾನೂವನ್ನೂ ಸಾಮಾನನ್ನೂ ಹೊತ್ತು ನಡೆಯಬೇಕಾದ ಕಾಲುದಾರಿ. ಅದು ಮುಗಿದ ಮೇಲೆ ಕಿರಿದಾದ ತೊರೆಯೊಂದು ಬಳುಕುತ್ತ, ಮತ್ತೆ ಮತ್ತೆ ತಿರುಗುತ್ತ ಸರೋವರಕ್ಕೆ ಸೇರುತ್ತದೆ. ತೊರೆಯಲ್ಲಿ ಅಲೆಯ ಭಯವಿಲ್ಲ. ಹಿಂದೆ ಕೂತು ದಿಕ್ಕು ತಿರುಗಿಸುವವರಿಗೆ ಅದು ಪಾಠಶಾಲೆ; ಪ್ರತಿ ತಿರುವಿನಲ್ಲೂ ಕ್ಯಾನೂದ ಮೂತಿ ಪೊದೆಗೆ ನುಗ್ಗುವುದು ಸಹಜ, ಹೊರಗೆಳೆದುಕೊಂಡು ಮುಂದೆ ಹೋದರಾಯಿತು. ಬೀವರ್ ಎಂಬ ಪ್ರಾಣಿಗಳು ಮರ ಕಡಿದು ಕಟ್ಟಿದ ಒಡ್ಡು ಅಡ್ಡ ಬಂದರೆ, ಒಬ್ಬರು ಗಟ್ಟಿಯಾದ ಕಡೆ ಕಾಲೂರಿ ಒಡ್ಡಿನ ಮೇಲೆ ನಿಂತು, ಇಬ್ಬರೂ ಸೇರಿ ಕ್ಯಾನೂವನ್ನು ಎತ್ತಿ ಆಚೆಗೆ ದಾಟಿಸಬೇಕು. ಸೆಪ್ಟೆಂಬರ್‌ನಲ್ಲಿ ನೀರು ಇಳಿದಿದ್ದರೆ ಅಲ್ಲಲ್ಲಿ ಇಳಿದು ತಳ್ಳಬೇಕಾಗಬಹುದು. ಇಷ್ಟೆಲ್ಲ ಸೇರಿದರೂ ಅರ್ಧ ದಿನದೊಳಗೆ ಪೆರೆಂಟ್ ತಲುಪುತ್ತೀರಿ. ಸರೋವರ ಸಾಕಷ್ಟು ವಿಶಾಲವಾಗಿದ್ದು, ತಾಣಗಳು ದೂರದೂರಕ್ಕೆ ಹರಡಿಕೊಂಡಿವೆ. ಇಲ್ಲಿಂದ ಪಶ್ಚಿಮಕ್ಕೆ ಇಸಬೆಲ್ಲಾ ಲೇಕ್‌ವರೆಗೆ ನದಿಯ ದಾರಿಯೊಂದಿದೆ, ಆದರೆ ಅದರಲ್ಲಿ ಪೋರ್ಟೇಜ್‌ಗಳು ಒಂದರ ಹಿಂದೊಂದು ಬರುವುದರಿಂದ ಆ ಕಡೆ ಹೋಗುವವರು ಕಡಿಮೆ. ನೀವೂ ಹೋಗಬೇಡಿ, ಸರೋವರದಲ್ಲೇ ನಿಲ್ಲಿ.

ಇದಕ್ಕಿಂತ ನಿರ್ಜನವಾದ ಜಾಗಗಳು ಇಲ್ಲವೆಂದಲ್ಲ. ಆಂಗಲ್‌ವರ್ಮ್‌ನಂಥ ಪ್ರವೇಶ ಸ್ಥಳಗಳಲ್ಲಿ ಮೊದಲ ಸರೋವರ ಮುಟ್ಟುವುದಕ್ಕೇ ಸುಮಾರು ಮೂರು ಕಿಲೋಮೀಟರ್ ಹೊತ್ತು ನಡೆಯಬೇಕು. ಆ ಹೊರೆಯೇ ಜನರನ್ನು ದೂರವಿಡುತ್ತದೆ. ತಾಣಗಳನ್ನಾಗಲಿ ಕಾಲುದಾರಿಗಳನ್ನಾಗಲಿ ಯಾರೂ ನಿರ್ವಹಿಸದ, ವಿಶೇಷ ಅನುಮತಿ ಪಡೆದೇ ತಂಗಬೇಕಾದ ಒಳಭಾಗಗಳೂ ಇವೆ. ಮೊದಲ ಸಲ ಜೊತೆಯಾಗಿ ಹೊರಟ ಇಬ್ಬರಿಗೆ ಇವೆರಡೂ ಬೇಡ.

ಹೊರಡುವ ಕಾಲದ ವಿಷಯದಲ್ಲಿ ನಿಮ್ಮ ತಮ್ಮನ ಬರುವಿಕೆ ಅನುಕೂಲಕ್ಕೇ ಬಂದಿದೆ. ಮೇ ಕೊನೆಯಿಂದ ಜುಲೈವರೆಗೆ ಈ ಕಾಡಿನಲ್ಲಿ ಮೊದಲು ಕಪ್ಪುನೊಣ, ನಂತರ ಸೊಳ್ಳೆ ಮನುಷ್ಯರನ್ನು ನಿಲ್ಲಗೊಡುವುದಿಲ್ಲ. ಸೆಪ್ಟೆಂಬರ್‌ನ ಮೊದಲ ಸೋಮವಾರ ಬರುವ ಲೇಬರ್ ಡೇ ಮುಗಿಯುತ್ತಿದ್ದಂತೆ ಶಾಲೆಗಳು ತೆರೆದಿರುತ್ತವೆ, ಕುಟುಂಬಗಳು ಮನೆಗೆ ಮರಳಿರುತ್ತವೆ, ಕೀಟಗಳೂ ಅಡಗಿರುತ್ತವೆ. ಅದರ ನಂತರದ ಭಾನುವಾರ ಮಿನ್ನಿಯಾಪೊಲಿಸ್‌ನಿಂದ ಹೊರಟು, ಡುಲೂತ್ ದಾಟಿ, ಲೇಕ್ ಸುಪೀರಿಯರ್ ದಡದ 61ನೇ ಹೆದ್ದಾರಿಯಲ್ಲಿ ಟಾಫ್ಟಿವರೆಗೆ ಬನ್ನಿ. ಅಲ್ಲಿಗೆ ಸುಮಾರು 385 ಕಿಲೋಮೀಟರ್. ಅಲ್ಲಿಂದ ಉತ್ತರಕ್ಕೆ ಸಾಬಿಲ್ ಟ್ರೇಲ್ ಎಂಬ ರಸ್ತೆಯಲ್ಲಿ ಇನ್ನೂ 39 ಕಿಲೋಮೀಟರ್ ಹೋದರೆ ಸಾಬಿಲ್ ಸರೋವರ ಸಿಗುತ್ತದೆ. ಕಾರು ನಿಲ್ಲಿಸಿ ಟೆಂಟ್ ಹಾಕುವ ತಾಣ ಅಲ್ಲಿದೆ, ಕ್ಯಾನೂ ಬಾಡಿಗೆಗೆ ಕೊಡುವವರೂ ಅಲ್ಲೇ ಇದ್ದಾರೆ. ಸೋಮವಾರವನ್ನು ಅಭ್ಯಾಸಕ್ಕೆಂದೇ ಇಟ್ಟುಕೊಳ್ಳಿ. ಹಗಲು ಹೋಗಿ ಹಗಲೇ ಮರಳುವವರಿಗೆ ಬೇಕಾದ ಪರ್ಮಿಟ್ಟನ್ನು ಅಲ್ಲಿಯೇ ನೀವೇ ಬರೆದುಕೊಳ್ಳಬಹುದು. ಸಾಬಿಲ್‌ನಿಂದ ಆಲ್ಟನ್, ಆಲ್ಟನ್‌ನಿಂದ ಕೆಲ್ಸೋ, ಅಲ್ಲಿಂದ ಮತ್ತೆ ಸಾಬಿಲ್‌ಗೆ ಬರುವ ಸುತ್ತಿನಲ್ಲಿ ಮೂರು ಚಿಕ್ಕ ಪೋರ್ಟೇಜ್‌ಗಳು ಸಿಗುತ್ತವೆ. ನಿಮ್ಮ ತಮ್ಮನಿಗೆ ಎಲ್ಲವನ್ನೂ ಒಮ್ಮೆ ಮಾಡಿ ನೋಡಲು ಅದಕ್ಕಿಂತ ಒಳ್ಳೆಯ ದಿನ ಸಿಗಲಾರದು. ಆ ದಿನದ ಕೊನೆಗೆ ಇಬ್ಬರಲ್ಲಿ ಒಬ್ಬರಿಗಾದರೂ ಇದು ನಮ್ಮಿಂದ ಆಗದು ಎನಿಸಿದರೆ, ಸಾಬಿಲ್ ದಡದಲ್ಲೇ ಉಳಿದ ದಿನಗಳನ್ನು ಕಳೆಯುವ ದಾರಿ ತೆರೆದಿರುತ್ತದೆ. ಆಗುತ್ತದೆ ಎನಿಸಿದರೆ ಮಂಗಳವಾರ ಅರಣ್ಯ ರಸ್ತೆಗಳಲ್ಲಿ ಪಶ್ಚಿಮಕ್ಕೆ ಹೋಗಿ ಹಾಗ್ ಕ್ರೀಕ್ ಪ್ರವೇಶಿಸಿ, ಮೂರು ರಾತ್ರಿ ಪೆರೆಂಟ್‌ನಲ್ಲಿದ್ದು, ವಾರಾಂತ್ಯದವರು ಬರುವ ಮೊದಲೇ ಶುಕ್ರವಾರ ಬೆಳಿಗ್ಗೆ ಹೊರಬನ್ನಿ. ಗಾಳಿಯಿಂದಾಗಿ ಒಂದು ದಿನ ಹೊರಡಲಾಗದಿದ್ದರೂ ತೊಂದರೆಯಾಗದಂತೆ ಶನಿವಾರ ಭಾನುವಾರಗಳನ್ನು ಬಿಡುವಾಗಿಡಿ. ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಮೀಟಿಂಗ್ ಇದೆಯೆಂದು ಅಲೆಗೆ ಕ್ಯಾನೂ ಇಳಿಸುವ ಪ್ರಸಂಗ ಬರಬಾರದು.

ಪೋರ್ಟೇಜ್‌ಗಳ ಉದ್ದವನ್ನು ಅಲ್ಲಿನ ನಕ್ಷೆಗಳು ರಾಡ್ ಎಂಬ ಹಳೆಯ ಅಳತೆಯಲ್ಲಿ ಕೊಡುತ್ತವೆ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಸುಮಾರು ಐದು ಮೀಟರ್, ಹೆಚ್ಚುಕಡಿಮೆ ಒಂದು ಕ್ಯಾನೂದ ಉದ್ದ. ನೂರು ರಾಡ್ ಎಂದು ಬರೆದಿದ್ದರೆ ಅರ್ಧ ಕಿಲೋಮೀಟರ್ ಎಂದಷ್ಟೇ ತಿಳಿಯಬೇಡಿ. ಇಬ್ಬರು ಒಂದೇ ಸಲಕ್ಕೆ ಎಲ್ಲವನ್ನೂ ಹೊರಲಾಗದು. ಒಮ್ಮೆ ಹೊತ್ತು ಹೋಗಿ, ಬರಿಗೈಯಲ್ಲಿ ಮರಳಿ, ಮತ್ತೊಮ್ಮೆ ಹೊತ್ತು ಹೋಗಬೇಕು. ಅರ್ಧ ಕಿಲೋಮೀಟರ್ ಎಂಬುದು ಒಂದೂವರೆ ಕಿಲೋಮೀಟರ್ ನಡಿಗೆಯಾಗುತ್ತದೆ, ಅದೂ ಕಲ್ಲು, ಬೇರು, ಕೆಸರಿನ ಮೇಲೆ. ನಿಮ್ಮ ಮೂಲ ಯೋಜನೆಯ ಇಪ್ಪತ್ತು ಕಿಲೋಮೀಟರ್ ದಿನಗಳು ಕಾಗದದ ಮೇಲೆ ಹಗುರವಾಗಿ ಕಂಡಿರುವುದು ಈ ಲೆಕ್ಕ ಅದರಲ್ಲಿ ಸೇರಿಲ್ಲದ ಕಾರಣ.

ಬಾಡಿಗೆಗೆ ಕೆವ್ಲಾರ್ ಎಂಬ ಹಗುರವಾದ ಕೃತಕ ನಾರಿನ ಕ್ಯಾನೂವನ್ನೇ ಕೇಳಿ. ಇಬ್ಬರು ಕೂರುವ ಕೆವ್ಲಾರ್ ಕ್ಯಾನೂ ಸುಮಾರು ಇಪ್ಪತ್ತು ಕಿಲೋ ತೂಗುತ್ತದೆ. ಅಲ್ಯೂಮಿನಿಯಂನದು ಮೂವತ್ತು ದಾಟುತ್ತದೆ. ದಿನಕ್ಕೆ ಕೆಲವು ಡಾಲರ್ ಹೆಚ್ಚಾದರೂ ಆ ವ್ಯತ್ಯಾಸ ಹೆಗಲಿಗೆ ಗೊತ್ತಾಗುತ್ತದೆ. ಎತ್ತುವ ಕ್ರಮವನ್ನು ಹುಲ್ಲಿನ ಮೇಲೆ ಕಲಿಯಿರಿ. ಕ್ಯಾನೂದ ನಡುವೆ ಅಡ್ಡಲಾಗಿ ಹೆಗಲಿಗೆ ಹೊಂದುವಂತೆ ಕಡೆದ ಪಟ್ಟಿಯಿರುತ್ತದೆ. ಅದರ ಪಕ್ಕದಲ್ಲಿ ಮಂಡಿ ಬಗ್ಗಿಸಿ ನಿಂತು, ಮೊದಲು ಕ್ಯಾನೂವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು, ಆಚೆಯ ಅಂಚನ್ನು ಒಂದು ಕೈಯಲ್ಲಿ ಹಿಡಿದು, ತೊಡೆಯಿಂದಲೇ ಮೇಲಕ್ಕೆ ತಳ್ಳುತ್ತ ತಲೆಯ ಮೇಲೆ ಕವುಚಿಕೊಳ್ಳಬೇಕು. ಬೆನ್ನಿನ ಬಲದಿಂದ ಎತ್ತಿದವರಿಗೆ ಆ ದಿನ ಸಂಜೆ ಬಗ್ಗಲಾಗುವುದಿಲ್ಲ. ಆರಂಭದಲ್ಲಿ ಒಬ್ಬರು ಕ್ಯಾನೂದ ಮುಂತುದಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು ನಿಂತರೆ, ಇನ್ನೊಬ್ಬರು ಅದರಡಿ ನುಗ್ಗಿ ಹೆಗಲು ಕೊಡಬಹುದು. ಇಬ್ಬರಿರುವಾಗ ಇದೇ ಸುಲಭದ ಉಪಾಯ. ಕೆವ್ಲಾರ್ ಕಲ್ಲಿಗೆ ಉಜ್ಜಿದರೆ ಹಾಳಾಗುವುದರಿಂದ ದಡಕ್ಕೆ ಗುದ್ದಿ ನಿಲ್ಲಿಸುವಂತಿಲ್ಲ. ಮೊಣಕಾಲಿನಷ್ಟು ನೀರಿರುವಾಗಲೇ ಇಳಿದು, ತೇಲುತ್ತಿರುವ ಕ್ಯಾನೂದಿಂದ ಸಾಮಾನು ಎತ್ತಿಕೊಳ್ಳಬೇಕು. ಅಂದರೆ ಕಾಲು ದಿನವಿಡೀ ಒದ್ದೆ. ಒದ್ದೆಯಾಗಲೆಂದೇ ಒಂದು ಜೊತೆ ಗಟ್ಟಿ ಬೂಟು, ಬಿಡಾರದಲ್ಲಿ ಹಾಕಲು ಇನ್ನೊಂದು ಒಣ ಜೊತೆ ಇರಲಿ.

ಇನ್ನು ನೀರು ಮತ್ತು ಗಾಳಿ. ಕ್ಯಾನೂ ಪಯಣದಲ್ಲಿ ಜೀವಕ್ಕೆ ಅಪಾಯ ಬರುವುದು ಇವೆರಡರಿಂದ. ಕರಡಿಯ ಪಾತ್ರ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತುಂಗೆಯಲ್ಲಿ ಈಜಿ ಬೆಳೆದವರಿಗೆ ನೀರಿನ ಭಯ ಇರುವುದಿಲ್ಲ. ಆ ನಿರ್ಭಯವೇ ಇಲ್ಲಿ ನನ್ನನ್ನು ಚಿಂತೆಗೆ ಹಚ್ಚುವುದು. ಮಲೆನಾಡಿನ ಹೊಳೆಯ ನೀರಿನಲ್ಲಿ ಗಂಟೆಗಟ್ಟಲೆ ಈಜಬಲ್ಲ ದೇಹ ತಣ್ಣೀರಿನಲ್ಲಿ ಬೇರೆಯೇ ರೀತಿ ವರ್ತಿಸುತ್ತದೆ. ಹಿಮ ಕರಗಿದ ನೀರಿನಂಥ ತೀವ್ರ ಶೀತದ ಬಗ್ಗೆ ರಕ್ಷಣಾ ತರಬೇತಿಯವರು ಹೇಳುವ ಲೆಕ್ಕವೊಂದಿದೆ: ಬಿದ್ದ ಮೊದಲ ಒಂದು ನಿಮಿಷ ಏದುಸಿರು ಹತೋಟಿಗೆ ಬರುವುದಿಲ್ಲ, ಮುಂದಿನ ಸುಮಾರು ಹತ್ತು ನಿಮಿಷದೊಳಗೆ ಕೈಕಾಲುಗಳ ಬಲ ಉಡುಗುತ್ತದೆ, ಒಂದು ಗಂಟೆಯ ಹೊತ್ತಿಗೆ ಪ್ರಜ್ಞೆ ತಪ್ಪಬಹುದು. ಸೆಪ್ಟೆಂಬರ್‌ನ ಮೊದಲ ಭಾಗದಲ್ಲಿ ನೀರು ಅಷ್ಟು ತಣ್ಣಗಿರುವುದಿಲ್ಲವಾದರೂ ದಿನದಿಂದ ದಿನಕ್ಕೆ ತಣಿಯುತ್ತಿರುತ್ತದೆ. ಬೂಟು ಬಟ್ಟೆ ಸಮೇತ ಬಿದ್ದವರಿಗೆ, ಮೇಲೆ ಗಾಳಿಯೂ ಬೀಸುತ್ತಿದ್ದರೆ, ಈಜಿನ ಕೌಶಲ ಹೆಚ್ಚು ಹೊತ್ತು ನೆರವಾಗದು. ಆದ್ದರಿಂದ ಲೈಫ್ ಜಾಕೆಟ್ ಸೀಟಿನ ಕೆಳಗೆ ಇಡುವ ವಸ್ತುವಲ್ಲ. ಕ್ಯಾನೂ ನೀರಿನ ಮೇಲಿರುವಷ್ಟು ಹೊತ್ತೂ ಜಿಪ್ ಹಾಕಿಕೊಂಡು ತೊಟ್ಟಿರಬೇಕು. ಮಗುಚಿದರೆ ದಡಕ್ಕೆ ಈಜುವ ಆಸೆ ಬಿಟ್ಟು ಕ್ಯಾನೂವನ್ನೇ ಹಿಡಿದುಕೊಂಡಿರಿ. ನೀರು ತುಂಬಿದರೂ ಅದು ತೇಲುತ್ತದೆ. ಇದನ್ನು ಸೋಮವಾರ ಸಾಬಿಲ್‌ನ ದಡದ ಹತ್ತಿರ, ಎದೆಮಟ್ಟದ ನೀರಿನಲ್ಲಿ, ಬೇಕೆಂದೇ ಮಗುಚಿ ಅಭ್ಯಾಸ ಮಾಡಿ. ಒಮ್ಮೆ ಆ ತಣ್ಣೀರಿನಲ್ಲಿ ಉಸಿರು ಸಿಕ್ಕಿಹಾಕಿಕೊಂಡ ಅನುಭವವಾದರೆ ನಿಮ್ಮ ತಮ್ಮನಿಗೆ ಯಾರೂ ಮತ್ತೆ ವಿವರಿಸಬೇಕಾಗಿಲ್ಲ.

ಗಾಳಿಗೆ ಇಲ್ಲಿ ದಿನಚರಿಯಿದೆ. ಸಾಮಾನ್ಯವಾಗಿ ಬೆಳಗಿನ ಜಾವ ಸರೋವರ ನಿಶ್ಚಲವಾಗಿರುತ್ತದೆ, ಹತ್ತು ಹನ್ನೊಂದರ ಸುಮಾರಿಗೆ ಗಾಳಿ ಏಳುತ್ತದೆ, ಸಂಜೆ ಮತ್ತೆ ತಗ್ಗುತ್ತದೆ. ಬೆಳಕು ಹರಿಯುವಾಗಲೇ ಹೊರಟು ಮಧ್ಯಾಹ್ನದೊಳಗೆ ತಾಣ ಹಿಡಿಯುವುದು ಈ ಕಾರಣಕ್ಕೆ. ಖಾಲಿ ತಾಣ ಸಿಗುವ ಸಂಭವವೂ ಆಗಲೇ ಹೆಚ್ಚು. ಪೆರೆಂಟ್ ಪ್ರವೇಶಿಸಿದ ಮೇಲೆ ಸರೋವರದ ನಡುವೆ ಸೀಳಿಕೊಂಡು ಹೋಗದೆ ದಡದ ಗುಂಟ ಸಾಗಿ. ಅಲೆಯ ತುದಿಗಳಲ್ಲಿ ಬಿಳಿ ನೊರೆ ಕಂಡಿತೆಂದರೆ ಆ ದಿನ ಕ್ಯಾನೂ ನೀರಿಗಿಳಿಯುವುದಿಲ್ಲ ಎಂಬ ನಿಯಮವನ್ನು ಮನೆಯಲ್ಲೇ ಮಾಡಿಕೊಳ್ಳಿ. ಅಲ್ಲಿ ಹೋಗಿ ಚರ್ಚಿಸುವ ವಿಷಯವಲ್ಲ ಅದು.

ಇಲ್ಲಿಗೆ ಅಕ್ಕ-ತಮ್ಮನ ವಿಷಯ ಬಂತು. ಜೊತೆ ಹೊರಡುವವರಲ್ಲಿ ಒಡಹುಟ್ಟಿದವರು ಒಂದು ರೀತಿಯಲ್ಲಿ ಅತ್ಯುತ್ತಮ ಜೋಡಿ: ಮೌನಕ್ಕೆ ಮುಜುಗರವಿಲ್ಲ, ಜಗಳವಾದರೂ ಅಡುಗೆಯ ಹೊತ್ತಿಗೆ ಮುಗಿದಿರುತ್ತದೆ. ಆದರೆ ಒಡಹುಟ್ಟಿದವರು ಬಾಲ್ಯದ ಪಾತ್ರಗಳನ್ನು ಹೊತ್ತುಕೊಂಡೇ ಕ್ಯಾನೂ ಹತ್ತುತ್ತಾರೆ. ಅಕ್ಕ ಹೇಳಿದ್ದನ್ನು ತಮ್ಮ ಕೇಳುವುದು, ಅಥವಾ ಅಕ್ಕ ಹೇಳಿದಳೆಂಬ ಕಾರಣಕ್ಕೇ ತಮ್ಮ ಕೇಳದಿರುವುದು, ಎರಡೂ ನೀರಿನ ಮೇಲೆ ಅಪಾಯಕಾರಿ. ತನಗೆ ಭಯವಾಗಿದೆ ಎಂದು ಅಕ್ಕನೆದುರು ಹೇಳಲು ಹಿಂಜರಿದು ಅಲೆಗೆ ಇಳಿದ ತಮ್ಮಂದಿರನ್ನೂ, ತಮ್ಮನನ್ನು ಅಲ್ಲಿಂದ ಕರೆಸಿದ್ದೇನಲ್ಲ ಎಂಬ ಹೊಣೆಯಿಂದ ಮೈ ಬಿಸಿಯಿದ್ದರೂ ಮುಚ್ಚಿಟ್ಟ ಅಕ್ಕಂದಿರನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಹೊರಡುವ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ: ಹೋಗೋಣ ಎಂಬುದಕ್ಕೆ ಇಬ್ಬರ ಒಪ್ಪಿಗೆ ಬೇಕು, ಬೇಡ ಎಂಬುದಕ್ಕೆ ಒಬ್ಬರ ಮಾತು ಸಾಕು, ಬೇಡವೆಂದವರಿಂದ ಕಾರಣ ಕೇಳುವಂತಿಲ್ಲ. ಹಿಂದಿನ ಸೀಟಿನಲ್ಲಿ ಕೂತವರು ದಿಕ್ಕು ತಿರುಗಿಸುತ್ತಾರೆ. ಮುಂದೆ ಕೂತವರು ವೇಗ ಕೊಡುತ್ತಾರೆ, ನೀರಿನಡಿಯ ಬಂಡೆಗಳನ್ನು ನೋಡಿ ಹೇಳುತ್ತಾರೆ. ಅನುಭವವಿರುವ ನೀವು ಮೊದಲ ದಿನ ಹಿಂದೆ ಕೂರಿ. ಎರಡನೆಯ ದಿನದಿಂದ, ಗಾಳಿಯಿಲ್ಲದ ಹೊತ್ತಿನಲ್ಲಿ, ತಮ್ಮನಿಗೆ ಆ ಜಾಗ ಬಿಟ್ಟುಕೊಡಿ ಮತ್ತು ಅವನು ತಪ್ಪಿದಾಗಲೆಲ್ಲ ತಿದ್ದುವುದನ್ನು ತಡೆಯಿರಿ. ನಿಮಗೇನಾದರೂ ಆದರೆ ಕ್ಯಾನೂವನ್ನು ಹೊರಗೆ ತರಬೇಕಾದವನು ಅವನೇ.

ಇದೇ ಕಾರಣಕ್ಕೆ, ಒಬ್ಬರಿಗೆ ಮಾತ್ರ ಗೊತ್ತಿರುವ ವಿಷಯ ಯಾವುದೂ ಉಳಿಯಬಾರದು. ನಕ್ಷೆಯ ಪ್ರತಿ ಮತ್ತು ದಿಕ್ಸೂಚಿ ಇಬ್ಬರ ಬಳಿಯೂ ಇರಲಿ. ಸೀಟಿ, ಬೆಂಕಿಪೊಟ್ಟಣ ಅಥವಾ ಲೈಟರ್, ಒಂದು ಸಣ್ಣ ಚಾಕು ಲೈಫ್ ಜಾಕೆಟ್‌ನ ಜೇಬಿನಲ್ಲೇ ಇರಲಿ. ಕ್ಯಾನೂ ಕೈತಪ್ಪಿ ಹೋದರೂ ಅವು ಮೈಮೇಲಿರುತ್ತವೆ. ಒಳಗೆ ಮೊಬೈಲ್ ಸಿಗ್ನಲ್ ಸಿಗುತ್ತದೆಂದು ನಂಬಬೇಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಿಕ್ಕ ಸಾಧನಗಳು ಬಾಡಿಗೆಗೆ ಸಿಗುತ್ತವೆ. ತುರ್ತು ಗುಂಡಿ ಒತ್ತಿದರೂ ರಕ್ಷಣಾ ತಂಡ ಬರಲು ಗಂಟೆಗಳೇ ಹಿಡಿಯುತ್ತವೆ, ರಾತ್ರಿಯಾದರೆ ಇನ್ನೂ ತಡ. ಕಾರಿನ ಎರಡನೆಯ ಕೀಲಿ ತಮ್ಮನ ಚೀಲದಲ್ಲಿರಲಿ. ಅವನು ಊರಿನಿಂದ ಚಾಲನಾ ಪರವಾನಗಿ ತರಲಿ, ಹೊರಡುವ ಮುನ್ನ ರಸ್ತೆಯ ಬಲಬದಿಯಲ್ಲಿ ಓಡಿಸಿ ರೂಢಿಯಾಗಿರಲಿ. ಅವನ ಪ್ರವಾಸ ವಿಮೆಯ ಷರತ್ತುಗಳನ್ನು ಓದಿ, ಕ್ಯಾನೂ ಪಯಣ ಮತ್ತು ದುರ್ಗಮ ಸ್ಥಳದಿಂದ ಸಾಗಿಸುವ ವೆಚ್ಚ ಅದರಲ್ಲಿ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಊಟದ ವಿಷಯದಲ್ಲಿ ಸಸ್ಯಾಹಾರಿ ಕನ್ನಡಿಗರಷ್ಟು ಸಿದ್ಧರಾಗಿ ಹುಟ್ಟಿದವರು ವಿರಳ ಎಂದೇ ನನ್ನ ಭಾವನೆ. ತೆಳು ಅವಲಕ್ಕಿಗೆ ಒಲೆಯೇ ಬೇಡ. ಚಟ್ನಿಪುಡಿ, ಹುರಿಗಡಲೆ ಬೆರೆಸಿದರೆ ಮಧ್ಯಾಹ್ನದ ಊಟ ಬಂಡೆಯ ಮೇಲೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಒಗ್ಗರಣೆ ಸಮೇತ ಹುರಿದಿಟ್ಟ ಉಪ್ಪಿಟ್ಟಿನ ರವೆ, ರಾಗಿ ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ಬೇಗ ಬೇಯುವ ಹೆಸರುಬೇಳೆ ಇವಿಷ್ಟಿದ್ದರೆ ದುಬಾರಿ ಪೊಟ್ಟಣದ ಆಹಾರ ಬೇಕಾಗಿಲ್ಲ. ಒಬ್ಬರಿಗೆ ದಿನಕ್ಕೆ ಏಳುನೂರು ಗ್ರಾಂನಷ್ಟು ಒಣ ಪದಾರ್ಥ ಸಾಕಾಗುತ್ತದೆ. ಗಾಜಿನ ಬಾಟಲಿಯನ್ನೂ ತಗಡಿನ ಡಬ್ಬಿಯಲ್ಲಿ ಮುಚ್ಚಿದ ಆಹಾರವನ್ನೂ ಒಳಗೆ ಒಯ್ಯುವುದು ನಿಷಿದ್ಧ, ಆದ್ದರಿಂದ ಉಪ್ಪಿನಕಾಯಿಯನ್ನು ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿ. ಅಡುಗೆ ಗ್ಯಾಸ್ ಒಲೆಯಲ್ಲೇ ಆಗಲಿ. ಬೆಂಕಿ ಹಾಕುವುದಿದ್ದರೆ ತಾಣದಲ್ಲಿರುವ ಕಬ್ಬಿಣದ ಜಾಲರಿಯಲ್ಲಿ ಮಾತ್ರ, ಅದೂ ಬೆಂಕಿ ನಿಷೇಧ ಇಲ್ಲವೆಂದು ತಿಳಿದ ಮೇಲೆ. 2011ರಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಪಗಾಮಿ ಕ್ರೀಕ್ ಬೆಂಕಿ ಈ ಭಾಗದಲ್ಲಿ 90,000 ಎಕರೆಗೂ ಹೆಚ್ಚು ಕಾಡನ್ನು ಸುಟ್ಟಿತ್ತು. ಪಾತ್ರೆ ತೊಳೆದ ನೀರನ್ನು ಸರೋವರದಿಂದ ಕನಿಷ್ಠ 150 ಅಡಿ ದೂರ ಒಯ್ದು ಚೆಲ್ಲಬೇಕು. ಕುಡಿಯುವ ನೀರನ್ನು ದಡದಿಂದ ದೂರ, ಆಳವಿರುವ ಕಡೆ ತುಂಬಿಕೊಂಡು ಸೋಸಿ, ಇಲ್ಲವೇ ಒಂದು ನಿಮಿಷ ಕೊತಕೊತ ಕುದಿಸಿ. ನೋಡಲು ಎಷ್ಟೇ ತಿಳಿಯಾಗಿದ್ದರೂ ಜಿಯಾರ್ಡಿಯಾ ಎಂಬ ಪರೋಪಜೀವಿ ಕರುಳಿಗೆ ವಾರಗಟ್ಟಲೆ ಕಾಟ ಕೊಡಬಲ್ಲದು. ಶೌಚಕ್ಕೆ ಪ್ರತಿ ತಾಣದ ಹಿಂದೆ ಕಾಡಿನಲ್ಲಿ ಗೋಡೆಯಿಲ್ಲದ ಒಂದು ಪೀಠವಿರುತ್ತದೆ, ಅಷ್ಟೆ.

ಅಮ್ಮನ ಭಯಕ್ಕೆ ಬರುತ್ತೇನೆ. ಅವರ ಮನಸ್ಸಿನಲ್ಲಿರುವುದು ನಮ್ಮ ದರೋಜಿಯ ಕಡೆಯ ಕರಡಿ. ಅದು ಹಠಾತ್ತನೆ ಎದುರಾದರೆ ಮನುಷ್ಯರ ಮೇಲೆ ಎರಗುವುದುಂಟು, ಹಾಗಾಗಿ ಅವರ ಭಯ ನಿರಾಧಾರವಲ್ಲ. ಬೌಂಡರಿ ವಾಟರ್ಸ್‌ನಲ್ಲಿರುವುದು ಅಮೆರಿಕದ ಕಪ್ಪು ಕರಡಿ, ಬೇರೆ ಜಾತಿ. ಮನುಷ್ಯರನ್ನು ಕಂಡರೆ ಸಾಮಾನ್ಯವಾಗಿ ದೂರ ಸರಿಯುವ ಈ ಪ್ರಾಣಿ ಬಿಡಾರಕ್ಕೆ ಬರುವುದು ಆಹಾರದ ವಾಸನೆಗೆ. ಆಹಾರವನ್ನು ಪ್ರಮಾಣೀಕೃತ ಕರಡಿ-ನಿರೋಧಕ ಡಬ್ಬದಲ್ಲಿಡಬೇಕು, ಇಲ್ಲವೇ ನೆಲದಿಂದ ಹನ್ನೆರಡು ಅಡಿ ಎತ್ತರಕ್ಕೆ, ಮರದ ಕಾಂಡದಿಂದ ಆರು ಅಡಿ ಆಚೆಗೆ ತೂಗಿಬಿಡಬೇಕು ಎಂದು ಅಲ್ಲಿನ ಅರಣ್ಯ ಸೇವೆಯ ಆದೇಶವೇ ಇದೆ. ತೂಗುವುದಕ್ಕೆ ತಕ್ಕ ಕೊಂಬೆ ಆ ಸೂಚಿಪರ್ಣಿ ಕಾಡಿನಲ್ಲಿ ಸುಲಭಕ್ಕೆ ಸಿಗದು. ಡಬ್ಬವನ್ನೇ ಬಾಡಿಗೆಗೆ ಪಡೆಯಿರಿ. ಇಂಗು, ತುಪ್ಪ, ಮಸಾಲೆ ಮಾತ್ರವಲ್ಲ, ಟೂತ್‌ಪೇಸ್ಟ್, ಸೋಪು, ಕಸದ ಚೀಲ ಎಲ್ಲವೂ ಅದರೊಳಗೇ ಹೋಗಬೇಕು. ಟೆಂಟಿನೊಳಗೆ ಒಂದು ಚಾಕೊಲೇಟ್ ಕೂಡ ಇರಬಾರದು. ಕರಡಿ ಬಂದೇಬಿಟ್ಟರೆ ಇಬ್ಬರೂ ಒಟ್ಟಿಗೆ ನಿಂತು, ಗಟ್ಟಿಯಾಗಿ ಕೂಗಿ, ಪಾತ್ರೆ ಬಡಿದು ಸದ್ದು ಮಾಡಿ, ಓಡಬೇಡಿ. ಅಮ್ಮನಿಗೆ ಇದಿಷ್ಟನ್ನೂ ಹೇಳಿ, ಜೊತೆಗೆ ದಿನಕ್ಕೊಮ್ಮೆ, ಸಂಜೆ ಬಿಡಾರದಿಂದ, ಉಪಗ್ರಹ ಸಾಧನದಲ್ಲಿ ಮೊದಲೇ ಬರೆದಿಟ್ಟ ಒಂದು ಸಾಲಿನ ಸಂದೇಶ ಹೋಗುವಂತೆ ಮಾಡಿ. ಒಂದು ದಿನ ಸಂದೇಶ ಬಾರದಿದ್ದರೆ ಗಾಬರಿಪಡಬಾರದು, ಹವೆ ಅಡ್ಡಬಂದಿರಬಹುದು ಎಂಬುದನ್ನೂ ಮೊದಲೇ ತಿಳಿಸಿಡಿ. ದಾರಿ, ದಿನಾಂಕ, ಕಾರಿನ ನೋಂದಣಿ ಸಂಖ್ಯೆ, ಯಾವ ದಿನದ ಯಾವ ಹೊತ್ತಿನವರೆಗೆ ಕಾದು ಆ ಭಾಗದ ಶೆರಿಫ್ (ಸ್ಥಳೀಯ ಪೊಲೀಸ್ ಮುಖ್ಯಸ್ಥ) ಕಚೇರಿಗೆ ಕರೆ ಮಾಡಬೇಕು ಎಂಬ ವಿವರವಿರುವ ಹಾಳೆಯನ್ನು ಮಿನ್ನಿಯಾಪೊಲಿಸ್‌ನ ನಂಬಿಕಸ್ಥ ಸ್ನೇಹಿತರಿಗೆ ಕೊಡಿ. ಆ ಕೆಲಸ ತೀರ್ಥಹಳ್ಳಿಯಿಂದ ಆಗುವುದಲ್ಲ.

ರಾತ್ರಿ ಉಷ್ಣಾಂಶ ಐದಾರು ಡಿಗ್ರಿಗೆ ಇಳಿಯುವುದು ಸೆಪ್ಟೆಂಬರ್‌ನಲ್ಲಿ ಸಾಮಾನ್ಯ, ಮಂಜುಗಟ್ಟುವ ರಾತ್ರಿಯೂ ಬರಬಹುದು. ಸೊನ್ನೆ ಡಿಗ್ರಿಗೆ ಒಗ್ಗುವ ಮಲಗುಚೀಲ, ನೆಲದ ಶೀತ ತಡೆಯುವ ಹಾಸು, ಉಣ್ಣೆಯ ಅಥವಾ ಕೃತಕ ನೂಲಿನ ಬಟ್ಟೆ, ಒಳ್ಳೆಯ ಮಳೆ ಅಂಗಿ ಬೇಕು. ಹತ್ತಿಯ ಬಟ್ಟೆ ಒದ್ದೆಯಾದರೆ ಮೈಯ ಕಾವನ್ನೇ ಹೀರುತ್ತದೆ. ತಮ್ಮ ಊರಿನಿಂದ ತರುವ ಜೀನ್ಸ್ ಕಾರಿನಲ್ಲೇ ಉಳಿಯಲಿ. ಒಂದು ಜೊತೆ ಒಣ ಬಟ್ಟೆಯನ್ನು ನೀರು ನುಗ್ಗದ ಚೀಲದಲ್ಲಿ ಕಟ್ಟಿ, ಮಲಗುವಾಗ ಮಾತ್ರ ತೆರೆಯಿರಿ.

ಪೆರೆಂಟ್‌ನಲ್ಲಿ ಮೂರು ರಾತ್ರಿ ಒಂದೇ ತಾಣದಲ್ಲಿದ್ದರೆ ಬೇಸರವಾಗದೇ ಎಂದು ನೀವು ಕೇಳಬಹುದು. ಮೊದಲ ದಿನ ದಣಿವಿನಲ್ಲಿ ಹೋಗುತ್ತದೆ. ಎರಡನೆಯ ದಿನದಿಂದ ಕಣ್ಣು ಕಿವಿ ತೆರೆದುಕೊಳ್ಳುತ್ತವೆ. ಸೂರ್ಯ ಹುಟ್ಟುವ ಮೊದಲು ಖಾಲಿ ಕ್ಯಾನೂದಲ್ಲಿ, ಹುಟ್ಟನ್ನು ನೀರಿನಿಂದ ಮೇಲೆತ್ತದೆ ನಿಧಾನ ಒತ್ತುತ್ತ ಕೊಲ್ಲಿಯೊಂದಕ್ಕೆ ಹೋಗಿ ನಿಂತರೆ, ಮಂಜಿನೊಳಗಿಂದ ಲೂನ್ ಹಕ್ಕಿ ಕೂಗುವುದು, ದಡದಲ್ಲಿ ಮೂಸ್ ಎಂಬ ಭಾರಿ ಜಿಂಕೆ ಕಾಲಿಡುವಾಗ ಕೆಸರು ಚಪ್ಪರಿಸುವುದು ಕೇಳಬಹುದು. ತೋಳಗಳ ಊಳು ಕೇಳುವುದೂ ಅಸಂಭವವಲ್ಲ. ಆಕಾಶ ತಿಳಿಯಾಗಿದ್ದು ಅದೃಷ್ಟವಿದ್ದರೆ ರಾತ್ರಿ ಉತ್ತರದ ದಿಗಂತದಲ್ಲಿ ಧ್ರುವಪ್ರಭೆಯೂ ಕಾಣುತ್ತದೆ. ಈ ನೀರು ಮತ್ತು ಪೋರ್ಟೇಜ್ ದಾರಿಗಳು ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರದು. ಅಮೆರಿಕ ಸರ್ಕಾರದೊಂದಿಗಿನ 1854ರ ಒಪ್ಪಂದದಲ್ಲಿ ನೆಲ ಬಿಟ್ಟುಕೊಟ್ಟರೂ ಇಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡಿನ ಫಲ ಸಂಗ್ರಹಿಸುವ ಹಕ್ಕನ್ನು ಅವರು ಉಳಿಸಿಕೊಂಡಿದ್ದಾರೆ. ನೀವು ಹೋಗುವ ಹೊತ್ತು ಅವರ ಕಾಡುಭತ್ತದ ಕೊಯ್ಲಿನ ಕಾಲ. ಆಳವಿಲ್ಲದ ನೀರಿನಲ್ಲಿ ಎದ್ದು ನಿಂತ ಆ ತೆನೆಗಳ ನಡುವೆ ಕ್ಯಾನೂ ನುಗ್ಗಿಸದೆ ಸುತ್ತಿಕೊಂಡು ಹೋಗಿ.

ಕೊನೆಯದಾಗಿ, ಈಗಲೇ ಮಾಡಬೇಕಾದ ಕೆಲಸ ಪರ್ಮಿಟ್‌ನದು. ಅಮೆರಿಕದ ಸರ್ಕಾರಿ ಬುಕಿಂಗ್ ಜಾಲತಾಣದಲ್ಲಿ ಇಡೀ ಋತುವಿನ ಕಾದಿರಿಸುವಿಕೆ ಜನವರಿಯ ಕೊನೆಯ ಬುಧವಾರ ತೆರೆಯುತ್ತದೆ, ಬೇಡಿಕೆಯ ದಿನಗಳು ಬೇಗ ಮುಗಿದುಹೋಗುತ್ತವೆ. ಸೆಪ್ಟೆಂಬರ್‌ನ ವಾರದ ದಿನಗಳಿಗೆ ಅಷ್ಟು ಪೈಪೋಟಿಯಿಲ್ಲ, ರದ್ದಾದ ಪರ್ಮಿಟ್‌ಗಳೂ ಮರಳಿ ಕಾಣಿಸಿಕೊಳ್ಳುತ್ತವೆ. ಹಾಗ್ ಕ್ರೀಕ್ ಮಂಗಳವಾರಕ್ಕೆ ಸಿಗದಿದ್ದರೆ ಬುಧವಾರ ನೋಡಿ. ಅದೂ ಇಲ್ಲವಾದರೆ ಅದೇ ಭಾಗದ ಕವಿಶಿವಿ ಲೇಕ್ ಪ್ರವೇಶ ಸ್ಥಳವನ್ನು ಆರಿಸಿ. ಅಲ್ಲಿ ರಸ್ತೆಯ ಬದಿಯಿಂದಲೇ ನೀರಿಗಿಳಿಯಬಹುದು, ಆದರೆ ಮುಂದಿನ ಸರೋವರಗಳ ಸುತ್ತ ಬೆಂಕಿಗೆ ಸಿಕ್ಕ ಕಾಡಿರುವುದರಿಂದ ನೆರಳು ಕಡಿಮೆ. ಪರ್ಮಿಟ್ಟನ್ನು ಪ್ರವೇಶದ ದಿನ ಅಥವಾ ಹಿಂದಿನ ದಿನ ಖುದ್ದಾಗಿ ಹೋಗಿ ಪಡೆಯಬೇಕು. ಟಾಫ್ಟಿಯಲ್ಲಿ ಅರಣ್ಯ ಸೇವೆಯ ಕಚೇರಿಯಿದೆ, ಅದರ ಶರತ್ಕಾಲದ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ತಂಡದ ನಾಯಕರಾಗಿ ನಿಮ್ಮ ಹೆಸರು ಕೊಡುವಾಗ ಪರ್ಯಾಯ ನಾಯಕನಾಗಿ ತಮ್ಮನ ಹೆಸರನ್ನೂ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಬರೆಯಿರಿ. ಕಾದಿರಿಸುವಾಗ ನಮೂದಿಸಿದವರಿಗಲ್ಲದೆ ಬೇರೆಯವರಿಗೆ ಪರ್ಮಿಟ್ ಕೊಡುವುದಿಲ್ಲ, ಆಮೇಲೆ ಹೆಸರು ಸೇರಿಸಲೂ ಬರುವುದಿಲ್ಲ.